ಒಂದೇ ಟ್ಯಾಗಿನೊಳಗೆ ಎರಡು ಊಜಿ

ಚಿಂತಾಮಣಿ ಕಡೆಯ ಒಂದಷ್ಟು ರೈತರು ಸೇರಿ ಟೆಲಿಗ್ರಾಂನಲ್ಲಿ ಒಂದು ಗುಂಪು ನಡೆಸುತ್ತೇವೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತಲ್ವಾ, ಆಗ ಸೇರಿಕೊಂಡವರೇ ಜಾಸ್ತಿ. ದಿನಾ ಅದೇ ಪ್ರಶ್ನೆ ಬರುತ್ತಿತ್ತು, ಅನುಭವ ಇದ್ದವರು ಹೇಳಿದ ಒಳ್ಳೆ ಉತ್ತರ ಎರಡು ದಿನಕ್ಕೆ ಎಲ್ಲೋ ಕೆಳಗೆ ಹೂತುಹೋಗುತ್ತಿತ್ತು. ಅದಕ್ಕೇ ಟ್ಯಾಗ್ ಶುರು ಮಾಡಿದೆ. ಹ್ಯಾಶ್ ಗುರುತು ಹಾಕಿ ಒಂದು ಪದ ಬರೆದರೆ ಸಾಕು, ಅದನ್ನು ಒತ್ತಿದವರಿಗೆ ಆ ಟ್ಯಾಗ್ ಇರುವ ಮೆಸೇಜೆಲ್ಲ ಒಟ್ಟಿಗೆ ಸಿಗುತ್ತದೆ.

ಮೊದಲ ತೊಂದರೆ ಕಾಗುಣಿತದ್ದು. ಒಬ್ಬರು ಟೊಮೆಟೊ ಅಂತ ಬರೆದರೆ ಇನ್ನೊಬ್ಬರು ಟೊಮ್ಯಾಟೊ, ಮತ್ತೊಬ್ಬರು ಟಮೋಟ. ಫೋನಿಗೆ ಮೂರೂ ಬೇರೆ. ಒಂದು ಪಟ್ಟಿ ಬರೆದು ಮೇಲೆ ಪಿನ್ ಮಾಡಿದೆ, ಸರಿಹೋಯಿತು.

ಎರಡನೆಯದು ನನ್ನ ನಿದ್ದೆ ಕೆಡಿಸಿತು.

ಒಂದು ಭಾನುವಾರ ಶಿಡ್ಲಘಟ್ಟ ಕಡೆಯ ಒಬ್ಬ ಹೆಣ್ಣುಮಗಳು "ಊಜಿ ಬಿದ್ದಿದೆ, ಏನು ಮಾಡಲಿ" ಅಂತ ಕೇಳಿದ್ದರು. ಯಾರೋ "ಊಜಿ ಟ್ಯಾಗ್ ಒತ್ತಿ ನೋಡಮ್ಮ" ಅಂದರು. ರಾತ್ರಿ ಒಂಬತ್ತಕ್ಕೆ ಅವರದೇ ಮೆಸೇಜು: "ಅಣ್ಣ, ಈ ಔಷಧಿ ಸೊಪ್ಪಿಗೆ ಹೊಡೀಬೇಕಾ, ಮನೆ ಒಳಗಾ?"

ಓದಿ ಎದೆ ಧಸಕ್ಕೆಂದಿತು. ಅವರು ಕೇಳಿದ್ದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣದ ಬಗ್ಗೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದದ್ದು ಅದು. ಆದರೆ 2014ರ ಹೊತ್ತಿಗೆ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಟೂಟಾ ಹುಳುವನ್ನೂ, ಅದೇ ಟೊಮೆಟೊ ಕಾಯಿಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದಲ್ಲ, ಅದನ್ನೂ ನಮ್ಮ ಜನ ಊಜಿ ಅಂತಲೇ ಕರೆಯುತ್ತಾರೆ. ನಮ್ಮ ಗುಂಪಿನಲ್ಲಿ ಟೊಮೆಟೊದವರೇ ಜಾಸ್ತಿ. ಹಾಗಾಗಿ ಆ ಟ್ಯಾಗ್ ಒತ್ತಿದರೆ ಮೊದಲು ಬರುತ್ತಿದ್ದದ್ದೆಲ್ಲ ಗಿಡಕ್ಕೆ ಹೊಡೆಯುವ ಕೀಟನಾಶಕ. ಅದನ್ನು ಹಿಪ್ಪುನೇರಳೆ ಸೊಪ್ಪಿಗೆ ಹೊಡೆದು ತಿನ್ನಿಸಿದರೆ ನೊಣದ ಮಾತು ಬಿಡಿ, ಸಾಕಿದ ಹುಳುವೇ ಉಳಿಯುವುದಿಲ್ಲ.

ತಕ್ಷಣ ಫೋನ್ ಮಾಡಿದೆ. ದೇವರ ದಯೆ, ಇನ್ನೂ ಹೊಡೆದಿರಲಿಲ್ಲ. "ನಾಲ್ಕನೇ ಜ್ವರ ಎದ್ದಿದೆ ಅಣ್ಣ, ಮೈಮೇಲೆ ಕರಿ ಚುಕ್ಕೆ" ಅಂದರು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಚುಕ್ಕೆ ಬಿದ್ದ ಹುಳು ಆರಿಸಿ ತೆಗೆಯಿರಿ, ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಟ್ಟಿಸಿ, ಬೆಳಿಗ್ಗೆ ರೇಷ್ಮೆ ಇಲಾಖೆಯವರನ್ನು ಕೇಳಿ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಗೂಡು ಕಟ್ಟಿದ ಮೇಲೆ ಊಜಿ ಮರಿ ತೂತು ಮಾಡಿಕೊಂಡು ಹೊರಗೆ ಬಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ, ಹಾಗಾಗಿ ಅವರ ಗಾಬರಿ ನನಗೆ ಅರ್ಥವಾಗುತ್ತಿತ್ತು.

ಆ ರಾತ್ರಿ ಹನ್ನೆರಡೂವರೆ ತನಕ ಕೂತು ಊಜಿ ಟ್ಯಾಗ್ ಇರುವ ಒಂದೊಂದೇ ಮೆಸೇಜು ಓದಿದೆ. ಬೇರೆಯವರು ಬರೆದದ್ದನ್ನು ತಿದ್ದಲು ಅಡ್ಮಿನ್‌ಗೂ ಆಗುವುದಿಲ್ಲ. ಅದಕ್ಕೆ ಪ್ರತಿ ಮೆಸೇಜಿಗೂ ರಿಪ್ಲೈ ಕೊಟ್ಟು ಒಂದಕ್ಕೆ #ಊಜಿ_ಟೊಮೆಟೊ, ಇನ್ನೊಂದಕ್ಕೆ #ಊಜಿ_ರೇಷ್ಮೆ ಅಂತ ಹಾಕುತ್ತಾ ಬಂದೆ. ನಡುವೆ ಅಡಿಗೆರೆ ಬೇಕೇ ಬೇಕು, ಜಾಗ ಬಿಟ್ಟರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಟೂಟಾ ಅಂತಲೇ ಬರೆಯೋಣ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಹೊಲದಲ್ಲಿ ನಿಂತು ಕಾಯಿ ನೋಡಿ ಗಾಬರಿಯಾದವರ ಬಾಯಿಗೆ ಬರುವುದು ಊಜಿ, ಅವರು ಹುಡುಕುವುದೂ ಅದನ್ನೇ. ಆ ಪದ ಬಿಟ್ಟರೆ ಟ್ಯಾಗ್ ಯಾರಿಗೆ ಬೇಕು?

ಮೂರು ದಿನ ಬಿಟ್ಟು ಆ ಹೆಣ್ಣುಮಗಳೇ ಮತ್ತೆ ಕೇಳಿದರು. "ಅಣ್ಣ, ಮುಂದಿನ ಬೆಳೆಗೆ ಜ್ವರದ ಬಗ್ಗೆ ಒಂದು ಕೇಳಬೇಕಿತ್ತು. ಬರೀ ಜ್ವರ ಅಂತ ಹಾಕಿದ್ರೆ ಸಾಕಾ?"

ಆ ಟ್ಯಾಗ್ ಒತ್ತಿ ನೋಡಿದೆ. ಪೂರ್ತಿ ಹಸುಗಳ ಮೂರು ದಿನದ ಜ್ವರ.

"ಜ್ವರ_ರೇಷ್ಮೆ ಅಂತ ಹಾಕಮ್ಮ" ಅಂದೆ, ಪಿನ್ ಮಾಡಿದ ಪಟ್ಟಿ ತೆರೆದು ಅದನ್ನೂ ಸೇರಿಸಿದೆ.