ಅತ್ತೆಯ ಐದು ಪದ, ಹನ್ನೆರಡಂಕಿಯ ಕೋಡು: ಕೆಲಸ ಎಲ್ಲಿಗೆ ಬಂತು

ಮಾರ್ಚ್ 9, ಭಾನುವಾರ

ಅತ್ತೆಯ ಜನಪದ ಹಾಡುಗಳ ರೆಕಾರ್ಡಿಂಗ್ ಮುಗಿಯಿತು. ಬೇಲೂರು ತಾಲೂಕಿನ ಅತ್ತೆ ಮನೆಯ ನಡುಮನೆ, ಒಂದೇ ಮೈಕು, ಕಿಟಕಿಗೆ ಎರಡು ಕಂಬಳಿ. ಅತ್ತೆಯ ಜತೆ ಪಕ್ಕದ ಮನೆಯ ಇಬ್ಬರು ಕೂತರು. ಹಸೆಗೆ ಕರೆಯುವುದು, ಬಳೆ ತೊಡಿಸುವುದು, ಬೀಗರನ್ನು ಆಡಿಕೊಳ್ಳುವುದು, ರಾಗಿ ಬೀಸುವುದು, ಹೀಗೆ ನಾಲ್ಕು ಪದ. ಐದನೆಯದು 2019ರಲ್ಲಿ ಮದುವೆ ಮನೆಯಲ್ಲಿ ನನ್ನ ಫೋನಿನಲ್ಲೇ ಹಿಡಿದದ್ದು. ಗಲಾಟೆ ಇದೆ, ಆದರೂ ಅದನ್ನು ಬಿಡೋಕೆ ಮನಸ್ಸಾಗಲಿಲ್ಲ.

ಬೀಗರ ಪದದ ಮಧ್ಯೆ ಕುಕ್ಕರ್ ಮೂರು ಸಲ ಕೂಗಿತು. ಇನ್ನೊಮ್ಮೆ ಹಾಡಿಸಿದೆ. ಎರಡನೆಯದೇ ಚೆನ್ನಾಗಿದೆ.

ಮಾರ್ಚ್ 16

ಹಾಡುಗಳನ್ನು ಆನ್‌ಲೈನ್‌ಗೆ ಹಾಕಲು ಒಂದು ಡಿಸ್ಟ್ರಿಬ್ಯೂಟರ್‌ನಲ್ಲಿ, ಅಂದರೆ ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿಯಲ್ಲಿ, ಖಾತೆ ತೆರೆದೆ. ಫಾರಂ ತುಂಬುತ್ತಾ ಹೋದರೆ ಎರಡು ಜಾಗ ಖಾಲಿ: ಒಂದು ಯುಪಿಸಿ, ಇನ್ನೊಂದು ಐಎಸ್‌ಆರ್‌ಸಿ. ನಿಮ್ಮ ಹತ್ತಿರ ಇಲ್ಲದಿದ್ದರೆ ನಾವೇ ಕೊಡುತ್ತೇವೆ ಅಂತ ಕೆಳಗೆ ಬರೆದಿತ್ತು. ಸರಿ, ಕೊಡಿ ಅಂದೆ.

ಯುಪಿಸಿ ಅಂದರೆ ನಮ್ಮದೇ ಬಾರ್‌ಕೋಡ್. ಹಾಸನದಲ್ಲಿ ನನ್ನದೊಂದು ಪುಸ್ತಕ, ಸ್ಟೇಷನರಿ ಅಂಗಡಿ ಇದೆ. ದಿನಾ ಇನ್ನೂರು ಸಲ ಸ್ಕ್ಯಾನರ್ ಕುಯ್ಯಿ ಅನ್ನುತ್ತೆ. ಅದು ಪೊಟ್ಟಣದ ನಂಬರು. ಇಲ್ಲಿ ಐದೂ ಪದ ಸೇರಿದ ಆಲ್ಬಂಗೆ ಒಂದೇ ನಂಬರು. ಅಮೆರಿಕದ ಯುಪಿಸಿಯಲ್ಲಿ 12 ಅಂಕಿ, ಮುಂದೆ ಒಂದು ಸೊನ್ನೆ ಇಟ್ಟರೆ ನಮ್ಮ ಅಂಗಡಿಯ 13 ಅಂಕಿಯ ಇಎಎನ್. ಅಷ್ಟೇ ವ್ಯತ್ಯಾಸ.

ಐಎಸ್‌ಆರ್‌ಸಿ ನನಗೆ ಹೊಸದು. ಅದು ಒಂದೊಂದು ರೆಕಾರ್ಡಿಂಗಿಗೆ ಒಂದು. 1986ರಿಂದ ಇರುವ, ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪದ್ಧತಿ, ನಂಬರು 3901. ಒಟ್ಟು 12 ಜಾಗ: ಮೊದಲು ಎರಡು ಅಕ್ಷರ, ಆಮೇಲೆ ಕೋಡು ಕೊಟ್ಟವರ ಗುರುತಿಗೆ ಮೂರು, ಆಮೇಲೆ ವರ್ಷಕ್ಕೆ ಎರಡು ಅಂಕಿ, ಕೊನೆಗೆ ಐದಂಕಿ. ಯಾವ ಹಾಡು ಎಷ್ಟು ಸಲ ಓಡಿತು, ದುಡ್ಡು ಯಾರಿಗೆ ಸೇರಬೇಕು ಅನ್ನೋ ಲೆಕ್ಕಕ್ಕೆಲ್ಲ ಇದೇ ಆಧಾರ. ಅದೇ ರೆಕಾರ್ಡಿಂಗ್ ನಾಳೆ ಇನ್ನೊಂದು ಆಲ್ಬಂಗೆ ಹೋದರೂ ಕೋಡು ಬದಲಾಗಬಾರದು. ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಹಳೇ ಕೋಡನ್ನೇ ಹೊತ್ತುಕೊಂಡು ಹೋಗಬೇಕು. ಮತ್ತೆ ಹಾಡಿಸಿದರೆ ಹೊಸದು. ಕುಕ್ಕರ್ ಕೂಗಿದ ಬೀಗರ ಪದವನ್ನೂ ಮುಂದೊಂದು ದಿನ ಹಾಕಿದೆ ಅಂದುಕೊಳ್ಳಿ, ಪದ ಅದೇ ಆದರೂ ಅದಕ್ಕೆ ಬೇರೆ ಕೋಡು ಬೇಕು.

ಮಾರ್ಚ್ 18

ಕೋಡುಗಳು ಬಂದವು. ಐದೂ ಕ್ಯೂ-ಝಡ್‌ನಿಂದ ಶುರು! ಅದು ಅಮೆರಿಕದ ಪಾಲಿನ ಅಕ್ಷರಗಳು. ಭಾರತದ್ದಾದರೆ ಐ-ಎನ್. ಬೇಲೂರಿನ ಸೋಬಾನೆಗೆ ಅಮೆರಿಕದ ಕೋಡೇ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಅಂಗಡಿಯ ನೆನಪಾಯಿತು. 890ರಿಂದ ಶುರುವಾಗುವ ಬಾರ್‌ಕೋಡ್ ನೋಡಿ ಇದು ಇಂಡಿಯಾದಲ್ಲೇ ಮಾಡಿದ ಪೆನ್ನು ಅಂತ ಗಿರಾಕಿಗಳು ಹೇಳುತ್ತಾರಲ್ಲ, ಅದೂ ಹೀಗೇ. ನಂಬರನ್ನು ಬಾರ್‌ಕೋಡ್ ನಂಬರು ಕೊಡುವ ಸಂಸ್ಥೆ ಜಿಎಸ್‌1 ಇಂಡಿಯಾದಿಂದ ಪಡೆದಿದ್ದಾರೆ ಅಂತ ಮಾತ್ರ ಅದರ ಅರ್ಥ. ಪೆನ್ನು ಎಲ್ಲಿಂದಲಾದರೂ ಬಂದಿರಬಹುದು.

2019ರ ಪದಕ್ಕೂ ವರ್ಷದ ಜಾಗದಲ್ಲಿ 25 ಅಂತಿದೆ. ಅದೂ ಸರಿಯೇ, ಅಲ್ಲಿ ಬರುವುದು ಕೋಡು ಕೊಟ್ಟ ವರ್ಷ.

ರಚನೆ ಯಾರದ್ದು ಅನ್ನೋ ಕಾಲಂ ತುಂಬಲು ಅತ್ತೆಗೆ ಫೋನ್ ಮಾಡಿದೆ. "ಪದ ನಂದೆಲ್ಲಿದು ಮಗ, ನಮ್ಮತ್ತೇರು ಹೇಳ್ಕೊಟ್ಟಿದ್ದು. ಅವರಿಗೆ ಯಾರು ಹೇಳ್ಕೊಟ್ರೋ" ಅಂದರು. ಜನಪದ ಅಂತ ಬರೆದೆ. ರಚನೆಗೂ ಬೇರೆಯೇ ಒಂದು ನಂಬರು ಇರುತ್ತೆ, ಐಎಸ್‌ಡಬ್ಲ್ಯೂಸಿ ಅಂತ, 'ಟಿ' ಅಕ್ಷರದಿಂದ ಶುರುವಾಗುತ್ತೆ. ಆ ಜಾಗ ಖಾಲಿ ಬಿಟ್ಟೆ.

ಮಾರ್ಚ್ 30

ಅತ್ತೆ ಊರಿನವರಿಗೆ ಹಂಚೋಕೆ, ಅಂಗಡಿಯಲ್ಲಿ ಇಡೋಕೆ ಐವತ್ತು ಸಿಡಿ ಬೇಕು. ಆನ್‌ಲೈನ್ ಆಲ್ಬಂನ ಬಾರ್‌ಕೋಡನ್ನೇ ಕವರ್ ಮೇಲೆ ಹಾಕುವವನಿದ್ದೆ. ಹಾಗೆ ಮಾಡಬಾರದು. ಸಿಡಿ ಬೇರೆ ಸಾಮಾನು, ಅದಕ್ಕೆ ಬೇರೆ ನಂಬರು. ನನ್ನ ಅಂಗಡಿಯ ಗಲ್ಲಾಕ್ಕೆ ಮಾತ್ರ ಆದ್ದರಿಂದ 2ರಿಂದ ಶುರುವಾಗುವ ನಂಬರು ಸಾಕು. ಅಂಥವು ಅಂಗಡಿಯೊಳಗಿನ ಬಳಕೆಗೇ ಮೀಸಲು. ಬೇರೆ ಅಂಗಡಿಗೂ ಕೊಡೋದಾದರೆ ಜಿಎಸ್‌1 ನಂಬರು ತಗೋಬೇಕು.

201400000007 ಅಂತ ಇಟ್ಟುಕೊಂಡೆ. ಹದಿಮೂರನೆಯದು ಉಳಿದ ಅಂಕಿಗಳು ಸರಿಯಿವೆಯೇ ಅಂತ ತಾಳೆ ನೋಡುವ ಅಂಕಿ. ಎಡದಿಂದ ಒಂದು, ಮೂರು, ಐದು ಹೀಗೆ ಬೆಸ ಜಾಗದ ಅಂಕಿಗಳನ್ನು ಹಾಗೇ ಕೂಡಬೇಕು: 2 ಮತ್ತು 1, ಒಟ್ಟು 3. ಸಮ ಜಾಗದವನ್ನು ಕೂಡಿ ಮೂರರಿಂದ ಗುಣಿಸಬೇಕು: 4 ಮತ್ತು 7 ಸೇರಿ 11, ಗುಣಿಸಿದರೆ 33. ಎರಡೂ ಸೇರಿ 36. ಮುಂದಿನ ಹತ್ತಕ್ಕೆ, ಅಂದರೆ 40ಕ್ಕೆ, 4 ಬೇಕು. ಆದ್ದರಿಂದ 2014000000074. ಟೈಪ್ ಮಾಡುವಾಗ 14 ಹೋಗಿ 41 ಆಯಿತು. ಸ್ಟಿಕರ್ ಪ್ರೋಗ್ರಾಂ ತಕ್ಷಣ ಕೆಂಪಾಯಿತು. ಹಾಗಂತ ಇದೇನೂ ಸರ್ವಜ್ಞ ಅಲ್ಲ. ಅಕ್ಕಪಕ್ಕದ ಅಂಕಿಗಳ ನಡುವೆ ಸರಿಯಾಗಿ 5 ವ್ಯತ್ಯಾಸ ಇದ್ದರೆ, ಉದಾಹರಣೆಗೆ 16 ಹೋಗಿ 61 ಆದರೆ, ಅದಕ್ಕೆ ಗೊತ್ತೇ ಆಗಲ್ಲ.

ಏಪ್ರಿಲ್ 6

ಹದಿನೈದು ಸಿಡಿ ಬರೆದು, ಕವರ್ ಹಾಕಿ, ಜೋಡಿಸಿಟ್ಟೆ. ಸುಮ್ನೆ ಒಂದನ್ನು ಕಂಪ್ಯೂಟರ್‌ಗೆ ಹಾಕಿ ಒಳಗಿನ ಕೋಡುಗಳನ್ನು ಓದಿಸಿ ನೋಡಿದೆ. ಆಡಿಯೋ ಸಿಡಿಯಲ್ಲಿ ಹಾಡಿನ ಜತೆಗೇ ಓಡುವ ಒಂದು ಸಣ್ಣ ಪಟ್ಟಿ ಇರುತ್ತೆ, ಕ್ಯೂ ಚಾನೆಲ್ ಅಂತಾರೆ. ಐಎಸ್‌ಆರ್‌ಸಿ ಕೂತಿರೋದು ಅಲ್ಲೇ.

ನಾಲ್ಕು ಸರಿ. ರಾಗಿ ಬೀಸುವ ಪದದ ಕೊನೆ ಅಂಕಿ 3 ಇರಬೇಕಿತ್ತು, ಸಿಡಿಯಲ್ಲಿ 8 ಇದೆ. ಕೋಡುಗಳನ್ನು ಬರೆದುಕೊಂಡಿದ್ದ ನೋಟ್‌ಬುಕ್ ತೆಗೆದರೆ ನನ್ನದೇ ಕೈಬರಹ. 3ರ ಹೊಟ್ಟೆ ಮುಚ್ಚಿಕೊಂಡು 8ರ ಹಾಗೆ ಕಾಣುತ್ತಿತ್ತು.

ಸಿಡಿ ಪ್ರೋಗ್ರಾಂ ಒಂದು ಮಾತೂ ಆಡಿರಲಿಲ್ಲ. ಹೇಗೆ ಆಡುತ್ತೆ? ಐಎಸ್‌ಆರ್‌ಸಿಯಲ್ಲಿ ತಾಳೆ ನೋಡುವ ಅಂಕಿಯೇ ಇಲ್ಲ. ಹನ್ನೆರಡೂ ಜಾಗ ತುಂಬಿದರೆ ಸಾಕು, ಅದರ ಪಾಲಿಗೆ ಎಲ್ಲ ಸರಿ. ಎರಡು ರೂಪಾಯಿಯ ಪೆನ್ಸಿಲ್‌ಗೆ ಇರುವ ಕಾವಲು ಹಾಡಿಗೆ ಇಲ್ಲ. ಆ 8ರ ಕೋಡು ಅಷ್ಟರಲ್ಲಿ ಯಾರ ಹಾಡಿಗೆ ಹೋಗಿತ್ತೋ. ನನ್ನ ಸಿಡಿಯಲ್ಲಿ ಅದೇ ನಂಬರಿನ ಹೆಸರಲ್ಲಿ ಅತ್ತೆ ರಾಗಿ ಬೀಸುತ್ತಿದ್ದರು.

ಹದಿನೈದೂ ವೇಸ್ಟ್. ಅಂಗಡಿ ಹುಡುಗ ಅವನ್ನು ದಾರಕ್ಕೆ ಕಟ್ಟಿ ಹಕ್ಕಿ ಓಡಿಸೋಕೆ ಅವರ ಹೊಲಕ್ಕೆ ತಗೊಂಡು ಹೋದ.

ಏಪ್ರಿಲ್ 13

ಈ ಸಲ ಕೈಯಲ್ಲಿ ಬರೆಯಲಿಲ್ಲ. ಡಿಸ್ಟ್ರಿಬ್ಯೂಟರ್ ಪುಟದಿಂದ ನೇರ ಕಾಪಿ, ಪೇಸ್ಟ್. ಮೊದಲು ಒಂದೇ ಸಿಡಿ ಬರೆದು, ಓದಿಸಿ, ಹುಡುಗನ ಕೈಲಿ ಒಂದೊಂದೇ ಅಕ್ಷರ ಜೋರಾಗಿ ಹೇಳಿಸಿದೆ. ಐದೂ ಸರಿ. ಇವತ್ತು ಇಪ್ಪತ್ತೆರಡು ಮುಗಿದವು. ಇಪ್ಪತ್ತೆಂಟು ಬಾಕಿ, ಖಾಲಿ ಸಿಡಿ ಇರೋದು ಹದಿಮೂರು. ಮುಂದಿನ ಭಾನುವಾರ ಅತ್ತೆ ಮನೆಗೆ ಹೋಗುವಾಗ ಒಂದು ಸಿಡಿ ಪ್ಲೇಯರ್ ಕೂಡ ಒಯ್ಯಬೇಕು. ಅವರ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲವಂತೆ.