ಮತ್ತಿ ಮರಕ್ಕೆ ಹಿಡಿದ ಟೇಪು ಬಂದರಿಕೆ ಗಿಡಕ್ಕೆ ಸಾಲದು

ಕಾಡಿನ ಇಂಗಾಲ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ನಾವು ಮೊದಲು ಕೊಡುವುದು ಒಂದು ಟೇಪು ಮತ್ತು 1.37 ಮೀಟರಿಗೆ ಬಣ್ಣದ ಗುರುತು ಹಾಕಿದ ಒಂದು ಕೋಲು. ಮರದ ಸುತ್ತಳತೆ ತೆಗೆಯುವುದು ಎದೆಮಟ್ಟದಲ್ಲಿ; ನಮ್ಮ ದೇಶದಲ್ಲಿ ಎದೆಮಟ್ಟ ಎಂದರೆ ಅದೇ ಎತ್ತರ. ಮರದ ಸುತ್ತಳತೆ, ಎತ್ತರ, ಜಾತಿ ಗೊತ್ತಾದರೆ ಸೂತ್ರಕ್ಕೆ ಹಾಕಿ ಒಣತೂಕ ತೆಗೆಯಬಹುದು. ಅದನ್ನು 0.47ರಿಂದ ಗುಣಿಸಿದರೆ ಇಂಗಾಲ ಸಿಕ್ಕಿತು. ಮಲೆನಾಡಿನಲ್ಲಿ ಒಂದು ಹಂಗಾಮು ಓಡಾಡಿದವರಿಗೆ ಇದರಲ್ಲಿ ಕೈ ಪಳಗಿಬಿಡುತ್ತದೆ. ಆಮೇಲೆ ಅದೇ ತಂಡವನ್ನು ಶಿರಾ, ಹಿರಿಯೂರು ಕಡೆಯ ಕುರುಚಲು ಕಾಡಿಗೆ ಕಳಿಸಿದರೆ ಸಂಜೆ ಹಾಳೆ ಹೆಚ್ಚುಕಡಿಮೆ ಖಾಲಿಯಾಗಿ ವಾಪಸು ಬರುತ್ತದೆ. 30 ಸೆಂ.ಮೀ. ಸುತ್ತಳತೆ ಇಲ್ಲದ್ದನ್ನು ಬರೆಯಬೇಡಿ ಎಂಬ ನಿಯಮ ಇಟ್ಟುಕೊಂಡು ಹೋದರೆ ಅಲ್ಲಿ ಬರೆಯುವುದಕ್ಕೆ ಏನು ಸಿಗುತ್ತದೆ? ಸಿಗದ್ದು ಇಲ್ಲವೇ ಇಲ್ಲ ಎಂದು ವರದಿಗೆ ಹೋಗುತ್ತದೆ. ಈ ಕೆಲಸದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಇದು.

ಕಾನಿನಿಂದಲೇ ಶುರು ಮಾಡುತ್ತೇನೆ. ನಿತ್ಯಹರಿದ್ವರ್ಣ ಕಾಡಿನಲ್ಲಿ ಇಂಗಾಲದ ದೊಡ್ಡ ಪಾಲು ಕಣ್ಣೆದುರೇ ನಿಂತಿರುತ್ತದೆ, ಕೆಲವೇ ದೊಡ್ಡ ಮರಗಳಲ್ಲಿ. ಹಾಗಾಗಿ ಒಂದು ದೊಡ್ಡ ಮರದ ಅಳತೆ ತಪ್ಪಿದರೆ ಇಡೀ ಪ್ಲಾಟಿನ, ಅಂದರೆ ಅಳತೆಗೆಂದು ಗುರುತು ಹಾಕಿದ ತುಂಡು ಜಾಗದ, ಲೆಕ್ಕ ವಾಲುತ್ತದೆ. ಬುಡದಲ್ಲಿ ಹಲಗೆಯಂತೆ ಹರಡಿದ ಬೇರುಗಳಿದ್ದರೆ ಅವು ಮುಗಿದ ಮೇಲೆ ಟೇಪು ಸುತ್ತಬೇಕು, ಎಷ್ಟು ಎತ್ತರದಲ್ಲಿ ಸುತ್ತಿದಿರಿ ಎಂದೂ ಬರೆಯಬೇಕು. ಇಳಿಜಾರಿನಲ್ಲಿ ಕೋಲನ್ನು ಮರದ ಮೇಲ್ಬದಿಗೆ ನಿಲ್ಲಿಸಬೇಕು. ಸುತ್ತಳತೆಯ ಅಂಕಿಯನ್ನು ವ್ಯಾಸದ ಕಾಲಮ್ಮಿನಲ್ಲಿ ಬರೆದರೆ 3.14ರ ವರ್ಗದಷ್ಟು, ಅಂದರೆ ಸುಮಾರು ಹತ್ತು ಪಟ್ಟು ಮರದ ತೂಕ ಏರುತ್ತದೆ. ಯಾವ ತಂಡದ ಹಾಳೆ ಬಂದರೂ ನಾನು ಮೊದಲು ನೋಡುವುದು ಇದನ್ನೇ.

ಜಾತಿ ಗುರುತಿಸುವುದಕ್ಕೆ ಅಷ್ಟೊಂದು ಯಾಕೆ ಒದ್ದಾಡಬೇಕು ಎಂದು ಕೇಳುವವರಿದ್ದಾರೆ. ಬೂರುಗದ ಮರ ಹಗುರ, ದಿಂಡಿಗ ಗಟ್ಟಿ. ಒಂದೇ ದಪ್ಪ, ಒಂದೇ ಎತ್ತರ ಇದ್ದರೂ ದಿಂಡಿಗದ ಒಣತೂಕ ಬೂರುಗದ ಎರಡು ಪಟ್ಟಿಗೂ ಹೆಚ್ಚು. ಎಲೆಯುದುರುವ ಕಾಡಿನಲ್ಲಿ ಇವೆರಡೂ ಒಂದೇ ಪ್ಲಾಟಿನಲ್ಲಿ ಸಿಗಬಹುದು. ಅಂಥ ಕಡೆ ಹೆಸರು ಹೇಳಬಲ್ಲ ವಾಚರ್ ಒಬ್ಬರು ಜೊತೆಗಿದ್ದರೆ ಅದಕ್ಕಿಂತ ಬೇರೆ ಭಾಗ್ಯ ಬೇಡ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳದ್ದು ಇನ್ನೊಂದು ಕಥೆ. ಅಡಿಕೆ ತೋಟಕ್ಕೆ ಸೊಪ್ಪು ಕಡಿದು ಕಡಿದು ಮರಗಳಿಗೆ ಕಾಂಡವಿದೆ, ನೆತ್ತಿಯಿಲ್ಲ. ಸೂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಆ ದಪ್ಪದ ಕಾಂಡಕ್ಕೆ ಇರಬೇಕಾದ ಕೊಂಬೆಗಳನ್ನೂ ಸೇರಿಸಿ ತೂಕ ಕೊಟ್ಟುಬಿಡುತ್ತದೆ. ದರಕಿನ, ಅಂದರೆ ಉದುರಿದ ಒಣ ಎಲೆಯ, ಕಥೆಯೂ ಹಾಗೇ. 1 ಮೀಟರ್ ಚೌಕದೊಳಗಿನ ಒಣ ಎಲೆ ಬಾಚಿ ತೂಗುತ್ತೇವೆ. ಹಿಂದಿನ ವಾರವಷ್ಟೇ ಊರಿನವರು ಗುಡಿಸಿ ಕೊಟ್ಟಿಗೆಗೆ ಒಯ್ದಿದ್ದರೆ ಅಲ್ಲಿ ಬರೀ ನೆಲ. ಅದಕ್ಕೇ ಅಳತೆಯ ಜೊತೆ ಆ ಜಾಗವನ್ನು ಬಳಸುವವರ ಮಾತನ್ನೂ ಬರೆದುಕೊಳ್ಳಬೇಕು. ಯಾವಾಗ ಸೊಪ್ಪು ಕಡಿದಿರಿ, ದರಕು ಒಯ್ದಿರಾ, ಈ ಬೇಸಿಗೆ ಬೆಂಕಿ ಬಿದ್ದಿತ್ತಾ?

ಇನ್ನು ಕುರುಚಲು. ಬಂದರಿಕೆ, ತಂಗಡಿ, ಕವಳಿ, ಕಾರೆ, ನಡುವೆ ಅಲ್ಲಲ್ಲಿ ಗಿಡ್ಡ ಚುಜ್ಜಲು. ಒಂದು ಬಂದರಿಕೆ ಪೊದೆಯ ಮುಂದೆ ಕೂತು ನೋಡಿ. ನೆಲದಿಂದಲೇ ಕವಲೊಡೆದ ಬೆರಳು ದಪ್ಪದ ಕಾಂಡಗಳು, ಪೊದೆಯ ಎತ್ತರ ಹಲವು ಕಡೆ ಎದೆಮಟ್ಟಕ್ಕೂ ಬರುವುದಿಲ್ಲ. ಇಲ್ಲಿ ಟೇಪು ಚೀಲಕ್ಕೆ ಹಾಕಿ, ಸಣ್ಣ ದಪ್ಪ ಅಳೆಯುವ ವರ್ನಿಯರ್ ತೆಗೆಯಬೇಕು. ನೆಲದಿಂದ ಒಂದು ಗೇಣಿನೊಳಗೆ ಪ್ರತಿ ಕಾಂಡದ ವ್ಯಾಸ, ಪೊದೆಯ ಎತ್ತರ, ಎರಡು ದಿಕ್ಕಿನಲ್ಲಿ ಅದರ ಹರವು ಬರೆದುಕೊಳ್ಳುತ್ತೇವೆ. ಇವನ್ನು ತೂಕಕ್ಕೆ ಕಟ್ಟಲು ಕೆಲವು ಪೊದೆಗಳನ್ನಾದರೂ ಕಡಿದು ತೂಗಲೇಬೇಕು. ಅರಣ್ಯದೊಳಗೆ ಕಡಿಯುವ ಹಾಗಿಲ್ಲ. ಹೇಗೂ ಬದು ಸವರಬೇಕೆಂದಿರುವ ರೈತರನ್ನು ಕೇಳಿಕೊಂಡು ಅವರ ಹೊಲದ ಅಂಚಿನಲ್ಲಿ ಮಾಡುತ್ತೇವೆ. ಎಲೆ ಬೇರೆ, ಕಡ್ಡಿ ಬೇರೆ ಮಾಡಿ ಅಲ್ಲೇ ಹಸಿತೂಕ. ಪ್ರತಿಯೊಂದರಿಂದ ಸ್ವಲ್ಪ ಮಾದರಿ ತಂದು, ತೂಕ ಇಳಿಯುವುದು ನಿಲ್ಲುವವರೆಗೆ ಓವನ್ನಿನಲ್ಲಿ ಒಣಗಿಸಬೇಕು. 500 ಗ್ರಾಂ ಕಡ್ಡಿ 300ಕ್ಕೆ ನಿಂತರೆ ಆ ಪೊದೆಯ ಕಡ್ಡಿಯ ಹಸಿತೂಕದಲ್ಲಿ 60% ಒಣತೂಕ. ಬೇಸರ ತರಿಸುವ ಕೆಲಸ, ಒಪ್ಪುತ್ತೇನೆ. ಆದರೆ ಬೇರೆ ಸೀಮೆಯ ಸೂತ್ರವನ್ನು ಎರವಲು ತಂದು ಹಾಕುವುದಕ್ಕಿಂತ ಇದು ನೂರು ಪಾಲು ಮೇಲು.

ಬೇರನ್ನು ಅಗೆದು ತೂಗುವುದು ಎಲ್ಲರಿಂದಲೂ ಆಗದು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿ ಉಷ್ಣವಲಯದ ಕುರುಚಲಿಗೆ ನೆಲದ ಮೇಲಿನ ಭಾಗದ ತೂಕದ 0.40ರಷ್ಟು ಬೇರು ಎಂದು ಹಿಡಿಯಲು ಹೇಳುತ್ತದೆ. ಮಣ್ಣನ್ನು ಮಾತ್ರ ಅಗೆಯಲೇಬೇಕು. ಶೇಕಡಾ 1 ಇಂಗಾಲ, ಘನ ಸೆಂ.ಮೀ.ಗೆ 1.3 ಗ್ರಾಂ ಸಾಂದ್ರತೆ, 30 ಸೆಂ.ಮೀ. ಆಳ ಎಂದುಕೊಳ್ಳಿ: ಹೆಕ್ಟೇರಿಗೆ 39 ಟನ್ ಇಂಗಾಲ ಬಂತು. ಆದರೆ ಈ ಕಡೆಯದು ಗರಸು ನೆಲ. ಗಾತ್ರದಲ್ಲಿ ಶೇಕಡಾ 40 ಕಲ್ಲಿದ್ದರೆ 39 ಹೋಗಿ 23.4 ಆಗುತ್ತದೆ. ಜರಡಿ ಹಿಡಿದು ಕಲ್ಲನ್ನು ಎಸೆಯುವ ಮೊದಲು ಅದನ್ನೂ ಅಳೆಯಿರಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ 2021ರ ವರದಿಯ ಪ್ರಕಾರ ದೇಶದ ಕಾಡುಗಳಲ್ಲಿರುವ ಸುಮಾರು 720 ಕೋಟಿ ಟನ್ ಇಂಗಾಲದಲ್ಲಿ 401 ಕೋಟಿ ಟನ್ ಇರುವುದು ಮಣ್ಣಿನಲ್ಲಿ. ಅರ್ಧಕ್ಕೂ ಹೆಚ್ಚು! ಆದರೆ ಮರಗಳ ನೆತ್ತಿ ಶೇಕಡಾ 10 ಕೂಡ ಮುಚ್ಚದ ಕುರುಚಲು ಆ ಸಂಸ್ಥೆಯ ಅರಣ್ಯ ಹೊದಿಕೆಯ ಲೆಕ್ಕಕ್ಕೇ ಬರುವುದಿಲ್ಲ; ಅದಕ್ಕೆ ಬೇರೆಯೇ ಕಾಲಮ್ಮು.

ಹೀಗಾಗಿ ಕುರುಚಲು ಎಂದರೆ ಬರಡು, ಸಸಿ ನೆಟ್ಟರೆ ಇಂಗಾಲ ಏರುತ್ತದೆ ಎಂಬ ಪ್ರಸ್ತಾವನೆಗಳು ಮೇಲಿಂದ ಮೇಲೆ ಬರುತ್ತವೆ. ನನಗೆ ನಿಜಕ್ಕೂ ಸಂಕಟವಾಗುವುದು ಅಂಥ ಕಡತ ಮೇಜಿಗೆ ಬಂದಾಗ. ಯಂತ್ರ ತಂದು ಗುಂಡಿ, ಟ್ರೆಂಚು ಹೊಡೆದರೆ ಮೊದಲು ಕೆದರುವುದು ಇಂಗಾಲ ಕೂತಿರುವ ಮೇಲ್ಮಣ್ಣನ್ನೇ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ಎಂಬ ಹುಲ್ಲೆಯ ಧಾಮ ಎಂದು ಘೋಷಿಸಿದ್ದಾರೆ; ಆ ಪ್ರಾಣಿಗೆ ಬೇಕಾದದ್ದು ಬಯಲು ಮತ್ತು ಪೊದೆ, ದಟ್ಟ ನೆಡುತೋಪಲ್ಲ. ಈಗ ನಮ್ಮ ವರದಿಗಳಲ್ಲಿ ಮರ, ಪೊದೆ, ಬೇರು, ದರಕು, ಸತ್ತ ಮರ, ಮಣ್ಣು ಎಂದು ಬೇರೆ ಬೇರೆ ಸಾಲು ಕೊಡುತ್ತೇವೆ. ನೆಡುವ ಪ್ರಸ್ತಾವನೆ ತಂದವರಿಗೆ ಮಣ್ಣಿನ ಸಾಲನ್ನು ತೋರಿಸಿ, ಗುಂಡಿ ತೋಡಿದ ಮೇಲೆ ಇದು ಎಷ್ಟಕ್ಕೆ ಇಳಿಯುತ್ತದೆ ಎಂಬ ಅಂದಾಜನ್ನೂ ಕಡತಕ್ಕೆ ಸೇರಿಸಿ ಎಂದು ಕೇಳುತ್ತೇನೆ.