ಎದ್ದು ಕೂತ ಮೆಟ್ಟಿಲು: ಒಂದು ಚಳಿಗಾಲದ ಲೆಕ್ಕ

ನವೆಂಬರ್ 8

ಹೋದ ಚಳಿಗಾಲದಲ್ಲಿ ಹಿತ್ತಲ ಕಾಂಕ್ರೀಟ್ ಮೆಟ್ಟಿಲು ಮೇಲೆದ್ದು ಬಾಗಿಲಿಗೇ ಅಡ್ಡ ಬಂದಿತ್ತು. ಏಪ್ರಿಲ್‌ನಲ್ಲಿ ತಾನೇ ಇಳಿಯಿತು, ಆದರೆ ವಾರೆಯಾಗಿ. ಈ ಸಲ ಲೆಕ್ಕ ಇಡೋಣ ಅಂತ ಕೂತಿದ್ದೇನೆ.

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಚಳಿಗೆ ಹೆಪ್ಪುಗಟ್ಟುವ ಮಣ್ಣಿನ ಕೆಳಗೆ ಕೂರಲಿ ಅಂತ ಇಲ್ಲಿ ಅಡಿಪಾಯ 42 ಇಂಚು ಆಳ ಇರಲೇಬೇಕು, ರಾಜ್ಯದ ಉತ್ತರಕ್ಕೆ ಹೋದರೆ 60. ಮನೆಗೆ ಆ ಆಳ ಇದೆ. ಮೆಟ್ಟಿಲನ್ನು ಮಾತ್ರ ಯಾರೋ ಸುಮ್ನೆ ನೆಲದ ಮೇಲೇ ಸುರಿದು ಹೋಗಿದ್ದಾರೆ.

ಇವತ್ತು ಎರಡು ಪಿವಿಸಿ ಪೈಪು ಹೂಳಿದೆ. ಒಂದು ಹುಲ್ಲಿನಲ್ಲಿ, ಇನ್ನೊಂದು ಮೆಟ್ಟಿಲ ಪಕ್ಕದ ಕಾಲುದಾರಿಯಲ್ಲಿ. ಒಳಗೆ ಪಾರದರ್ಶಕ ನಳಿಕೆ, ಅದರಲ್ಲಿ ಬಣ್ಣದ ನೀರು. ಹೆಪ್ಪುಗಟ್ಟುವ ನೀರು ಬಣ್ಣವನ್ನು ಹೊರಗೆ ತಳ್ಳುತ್ತದೆ. ನಳಿಕೆ ಎತ್ತಿ ನೋಡಿದಾಗ ಮೇಲಿನಿಂದ ಎಲ್ಲಿಯವರೆಗೆ ಬಣ್ಣ ಮಾಯವಾಗಿದೆಯೋ ಅಲ್ಲಿಯವರೆಗೆ ನೆಲ ಗಟ್ಟಿಯಾಗಿದೆ ಅಂತ ಅರ್ಥ.

ಜನವರಿ 18

ಕಾಲುದಾರಿಯಲ್ಲಿ 31 ಇಂಚು, ಹುಲ್ಲಿನಲ್ಲಿ ಬರೀ 12! ಹುಲ್ಲಿನ ಮೇಲೆ ಹಿಮದ ಕಂಬಳಿ ಇದೆ. ಕಾಲುದಾರಿಯದನ್ನು ನಾನೇ ದಿನಾ ಎತ್ತಿ ಹಾಕುತ್ತೇನೆ.

ಮೆಟ್ಟಿಲು ಎರಡೂವರೆ ಇಂಚು ಎದ್ದಿದೆ. ನೀರು ಐಸ್ ಆದರೆ ಸುಮಾರು 9% ಹಿಗ್ಗುತ್ತದೆ, ಸರಿ. ಆ 31 ಇಂಚು ಮಣ್ಣಿನಲ್ಲಿ ಐದರಲ್ಲಿ ಎರಡು ಪಾಲು ನೀರೇ ಅಂದುಕೊಂಡರೂ ಲೆಕ್ಕ ಒಂದು ಇಂಚು ದಾಟಿ ನಿಲ್ಲುತ್ತದೆ. ಉಳಿದದ್ದು ಎಲ್ಲಿಂದ ಬಂತು?

ಫೆಬ್ರವರಿ 9

ಕೆಳಗಿನಿಂದ ಬಂತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಹೆಪ್ಪುಗಟ್ಟುತ್ತಿರುವ ಮಣ್ಣು ಕೆಳಗಿನ ನೀರನ್ನು ಎಳೆದುಕೊಂಡು ಐಸಿನ ಪದರ ಕಟ್ಟುತ್ತದೆ. ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ 1930ರಲ್ಲೇ ಇದನ್ನು ತೋರಿಸಿದ್ದರು. ನೀರಿನ ಬದಲು ಬೆಂಜೀನ್ ಎಂಬ ದ್ರವ ಬಳಸಿದರು. ಅದು ಹೆಪ್ಪುಗಟ್ಟಿದರೆ ಕುಗ್ಗುತ್ತದೆ. ಆದರೂ ಮಣ್ಣು ಮೇಲೆದ್ದಿತು! ಇದನ್ನು ಓದಿದ ಮೇಲೆ ನನಗೆ ಕೈ ಕಟ್ಟಿ ಕೂರಲು ಆಗಲಿಲ್ಲ.

ತಳದಲ್ಲಿ ತೂತಿರುವ ಡಬ್ಬಿ ಎರಡು, ಒಂದರಲ್ಲಿ ಮರಳು, ಇನ್ನೊಂದರಲ್ಲಿ ನಯವಾದ ಮಣ್ಣು; ಸುತ್ತ ಥರ್ಮೋಕೋಲ್, ತಳ ಬಕೆಟ್ ನೀರಿನಲ್ಲಿ. ಆ ನೀರು ಗಟ್ಟಿಯಾಗದಿರಲಿ ಅಂತ ಮೀನಿನ ತೊಟ್ಟಿಯ ಹೀಟರ್. ಐದು ರಾತ್ರಿ ಹೊರಗಿಟ್ಟೆ. ಮರಳು ಅಲುಗಲಿಲ್ಲ. ಕೆರೆ ಹೂಳಿನಂಥ ನಯವಾದ ಮಣ್ಣು ಅರ್ಧ ಇಂಚು ಎದ್ದಿತು. ಕೊಯ್ದರೆ ಒಳಗೆ ಚಿರೋಟಿಯ ಹಾಗೆ ಪದರ ಪದರ ಐಸು.

ನಮ್ಮ ಗದಗದ ಎರೆಮಣ್ಣು ನೀರು ಕುಡಿದು ಉಬ್ಬಿ ಗೋಡೆ ಸೀಳುತ್ತದೆ. ಅದಕ್ಕೆ ಚಳಿ ಬೇಕಿಲ್ಲ, ಜಿಗುಟು ಮಣ್ಣಿನ ಗುಣವೇ ಹಾಗೆ. ಇಲ್ಲಿ ಜಾಸ್ತಿ ಕಾಟ ಹೂಳಿನದು. ಅದರ ಸಂದುಗಳು ನೀರು ಹೀರುವಷ್ಟು ಸಣ್ಣ, ಹರಿಯಬಿಡುವಷ್ಟು ದೊಡ್ಡ.

ಮಾರ್ಚ್ 22

ನಳಿಕೆಯ ಮೇಲೆ ಬಣ್ಣ, ಕೆಳಗೆ ಬಣ್ಣ, ನಡುವೆ ಇನ್ನೂ ಐಸು. ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ. ಹಿತ್ತಲಲ್ಲಿ ಕಾಲಿಟ್ಟರೆ ಪಚಕ್ಕನೆ ಹೂತುಹೋಗುತ್ತದೆ.

ರಸ್ತೆಯ ಗತಿಯೂ ಇದೇ. ಚಳಿಗಾಲದಲ್ಲಿ ನೆಲ ಕಲ್ಲಿನಂತಿರುವಾಗ ಈ ರಾಜ್ಯದಲ್ಲಿ ಲಾರಿಗಳಿಗೆ 10% ಹೆಚ್ಚು ಭಾರ ಹೊರಲು ಬಿಡುತ್ತಾರೆ. ಮಂಜು ಕರಗುವ ಹೊತ್ತಿಗೆ ಜಲ್ಲಿ ರಸ್ತೆಗಳಲ್ಲಿ ಒಂದು ಅಚ್ಚಿಗೆ 5 ಟನ್ ಮಿತಿ. ಮೇಲ್ಪದರದ ಕೆಳಗೆ ಅಂಬಲಿ ಇದ್ದರೆ ಡಾಂಬರಾದರೂ ಎಷ್ಟು ತಡೆದೀತು, ಅಲ್ವಾ? ಹೊಂಡ ಬೀಳುವುದೂ ಈಗಲೇ.

ಒಂದು ಎಡವಟ್ಟು: ಕಾಲುದಾರಿಯ ಪೈಪನ್ನೇ ಮಣ್ಣು ಕಚ್ಚಿ ಒಂದು ಇಂಚು ಮೇಲೆತ್ತಿದೆ. ಅಂದರೆ ಜನವರಿಯ 31 ನಿಜಕ್ಕೂ 30ರ ಆಸುಪಾಸು. ಮುಂದಿನ ಸಲ ಪೈಪಿಗೆ ಎರಡು ಸುತ್ತು ಪ್ಲಾಸ್ಟಿಕ್ ಹಾಳೆ ಸುತ್ತಬೇಕು.

ಏಪ್ರಿಲ್ 19

ಮೆಟ್ಟಿಲು ಇಳಿದಿದೆ, ಇನ್ನಷ್ಟು ವಾರೆ. ಅದು ಏಳಬೇಕಾದರೆ ಚಳಿ, ನಯವಾದ ಮಣ್ಣು, ನೀರು ಮೂರೂ ಬೇಕು. ಚಳಿ ನನ್ನ ಕೈಲಿಲ್ಲ. ಮಣ್ಣು ತೆಗೆದು ಜಲ್ಲಿ ತುಂಬುವ ಕೆಲಸ ಜೂನ್‌ಗೆ. ನೀರಿನ ಮೂಲ ಮಾತ್ರ ಇವತ್ತೇ ಸಿಕ್ಕಿತು: ಸೂರಿನ ನೀರಿಳಿಯುವ ಪೈಪು ನೇರ ಮೆಟ್ಟಿಲ ಬುಡಕ್ಕೇ ಸುರಿಯುತ್ತಿದೆ. ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೆ! ಆರಡಿ ಪೈಪು ತಂದು ಆಚೆ ತಿರುಗಿಸಿದ್ದೇನೆ.